ಬಳಕೆದಾರ ಸಂಶೋಧನೆಯಿಂದ ವಿನ್ಯಾಸ ತಿದ್ದುವ ಕ್ರಮ: ಹಾಲಿನ ಡೈರಿಯ ಆ್ಯಪ್ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಎಟಿಎಂ ಮುಂದೆ ನಿಂತಾಗಲೂ ಯುಪಿಐ ಪಿನ್ ಒತ್ತುವಾಗಲೂ ನಮಗೆ ಎದುರಾಗುವ ಅಂಕಿಗಳ ಜೋಡಣೆ, ಅಂದರೆ 1, 2, 3 ಮೇಲಿನ ಸಾಲಿನಲ್ಲಿದ್ದು ಸೊನ್ನೆ ಕೆಳಗೆ ಒಂಟಿಯಾಗಿರುವ ಆ ಕ್ರಮ, ಯಾರೋ ಒಬ್ಬ ಎಂಜಿನಿಯರಿಗೆ ಇದ್ದಕ್ಕಿದ್ದಂತೆ ಹೊಳೆದದ್ದಲ್ಲ. ಅಮೆರಿಕದ ಟೆಲಿಫೋನ್ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಕಾರ್ಲಿನ್ ಎಂಬ ಮನಶ್ಶಾಸ್ತ್ರಜ್ಞರು ಕಟ್ಟಿದ ವಿಭಾಗವು, ಡಯಲ್ ತಿರುಗಿಸುವ ಟೆಲಿಫೋನಿನ ಜಾಗಕ್ಕೆ ಗುಂಡಿ ಒತ್ತುವ ಟೆಲಿಫೋನ್ ತರುವ ಮುನ್ನ, ಗುಂಡಿಗಳನ್ನು ಹೇಗೆ ಜೋಡಿಸಬೇಕೆಂಬುದನ್ನು ಜನರ ಕೈಯಲ್ಲೇ ಒತ್ತಿಸಿ ಪರೀಕ್ಷಿಸಿತು. ಆರ್. ಎಲ್. ಡೈನಿಂಗರ್ 1960ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ 16 ಬಗೆಯ ಜೋಡಣೆಗಳಿದ್ದವು. ಜನ ಎಷ್ಟು ಬೇಗ ಒತ್ತುತ್ತಾರೆ, ಎಷ್ಟು ತಪ್ಪು ಮಾಡುತ್ತಾರೆ, ಯಾವುದನ್ನು ಇಷ್ಟಪಡುತ್ತಾರೆ ಎಂಬ ಮೂರನ್ನೂ ಬೇರೆ ಬೇರೆಯಾಗಿ ಗಮನಿಸಲಾಯಿತು. ಮುಂಚೂಣಿಯಲ್ಲಿ ಉಳಿದ ಕೆಲವು ಜೋಡಣೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅವುಗಳಲ್ಲಿ ತಾಂತ್ರಿಕವಾಗಿ ಅನುಕೂಲವಾದದ್ದನ್ನು ಆರಿಸಿಕೊಂಡರು. ಆ ಟೆಲಿಫೋನ್ 1963ರ ನವೆಂಬರ್ 18ರಂದು ಗ್ರಾಹಕರ ಕೈಗೆ ಬಂದಿತು.

ಉತ್ಪನ್ನದ ವಿನ್ಯಾಸದಲ್ಲಿ ಸಂಶೋಧನೆಯ ಪಾಲು ಎಷ್ಟು ಎಂಬುದು ಈ ಪ್ರಸಂಗದಲ್ಲಿ ಸ್ಪಷ್ಟವಾಗಿದೆ. ಅದು ತಂಡದ ಪರವಾಗಿ ತೀರ್ಮಾನ ಕೈಗೊಳ್ಳಲಿಲ್ಲ; ಕೆಟ್ಟ ಆಯ್ಕೆಗಳನ್ನು ಬದಿಗಿಟ್ಟು, ಉಳಿದವುಗಳಲ್ಲಿ ಯಾವುದನ್ನು ಹಿಡಿದರೂ ಬಳಸುವವರಿಗೆ ನಷ್ಟವಿಲ್ಲವೆಂಬ ಧೈರ್ಯವನ್ನು ಕೊಟ್ಟಿತು. ಯುಎಕ್ಸ್ ರಿಸರ್ಚ್ (ಬಳಕೆದಾರರ ಅನುಭವದ ಸಂಶೋಧನೆ) ಎಂಬ ಹೆಸರಿನಲ್ಲಿ ಇಂದು ನಡೆಯುವ ಎಷ್ಟೋ ಕೆಲಸ ಸೊರಗುವುದು ಇಲ್ಲಿಯೇ. ಯಾವ ತೀರ್ಮಾನಕ್ಕಾಗಿ ಕೇಳುತ್ತಿದ್ದೇವೆಂದು ಗೊತ್ತಿಲ್ಲದೆ ನೂರಾರು ಪ್ರಶ್ನೆ ಕೇಳಿ, ಚೆಂದದ ಸ್ಲೈಡ್‌ಗಳನ್ನು ಮಾಡಿ, ವಿನ್ಯಾಸವನ್ನು ಮಾತ್ರ ಮೊದಲಿದ್ದಂತೆಯೇ ಬಿಡುವುದು ನಡೆದೇ ಇದೆ.

ಈ ಮಾರ್ಗದರ್ಶಿಯು ಪ್ರತ್ಯೇಕ ಸಂಶೋಧಕರನ್ನು ನೇಮಿಸಿಕೊಳ್ಳಲಾಗದ ಸಣ್ಣ ತಂಡಗಳಿಗಾಗಿ ಬರೆದದ್ದು. ವಿಷಯ ಗಾಳಿಯಲ್ಲಿ ತೇಲದಿರಲೆಂದು ಒಂದೇ ಉದಾಹರಣೆಯನ್ನು ಉದ್ದಕ್ಕೂ ಹಿಡಿದುಕೊಳ್ಳೋಣ. ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರಿಗೆ ತಾವು ಹಾಕಿದ ಹಾಲಿನ ಅಳತೆ, ಫ್ಯಾಟ್ (ಕೊಬ್ಬಿನಂಶ), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ ಮತ್ತು ಬಟವಾಡೆಯ ವಿವರವನ್ನು ಕನ್ನಡದಲ್ಲಿ ತೋರಿಸುವ ಆ್ಯಪ್ ಒಂದನ್ನು ನಿಮ್ಮ ತಂಡ ಮಾಡುತ್ತಿದೆ ಎಂದಿಟ್ಟುಕೊಳ್ಳಿ. ಆ್ಯಪ್ ಕಾಲ್ಪನಿಕ, ಅದು ಬಳಕೆಯಾಗಬೇಕಾದ ಜಗತ್ತು ಮಾತ್ರ ಕರ್ನಾಟಕದ ಸಾವಿರಾರು ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಕಣ್ಣೆದುರೇ ನಡೆಯುವಂಥದ್ದು.

ಹಂತ 1: ತೀರ್ಮಾನವನ್ನು ಮೊದಲು ಬರೆಯಿರಿ

ಸಂಶೋಧನೆಯ ಯೋಜನೆಯನ್ನು ಪ್ರಶ್ನೆಗಳಿಂದ ಆರಂಭಿಸುವುದು ವಾಡಿಕೆ. ಅದಕ್ಕಿಂತ ಒಂದು ಹೆಜ್ಜೆ ಹಿಂದೆ ಹೋಗಿ, ಮುಂದಿನ ಒಂದೆರಡು ತಿಂಗಳಲ್ಲಿ ತಂಡ ಕೈಗೊಳ್ಳಲೇಬೇಕಾದ ತೀರ್ಮಾನಗಳನ್ನು ಪಟ್ಟಿ ಮಾಡಿ. ನಮ್ಮ ಉದಾಹರಣೆಯಲ್ಲಿ ಆ ಪಟ್ಟಿ ಹೀಗಿರಬಹುದು: ಆ್ಯಪ್ ತೆರೆದ ಕೂಡಲೇ ಇಂದಿನ ಹಾಲಿನ ಲೆಕ್ಕ ಕಾಣಬೇಕೇ, ಬರಬೇಕಾದ ಹಣ ಕಾಣಬೇಕೇ, ಒಂದು ಫೋನಿನಲ್ಲಿ ಒಬ್ಬ ಸದಸ್ಯರ ಖಾತೆ ಸಾಕೇ, ಹಲವರದ್ದು ಬೇಕೇ, ವಿವರವನ್ನು ಓದಿ ಹೇಳುವ ಧ್ವನಿ ಸೌಲಭ್ಯಕ್ಕೆ ಈಗಲೇ ಖರ್ಚು ಮಾಡಬೇಕೇ. ಪ್ರತಿ ತೀರ್ಮಾನದ ಎದುರು ತಂಡದ ಈಗಿನ ಊಹೆಯನ್ನೂ, ಆ ಊಹೆ ತಪ್ಪಾದರೆ ಆಗುವ ನಷ್ಟವನ್ನೂ ಒಂದೊಂದು ವಾಕ್ಯದಲ್ಲಿ ಬರೆಯಿರಿ.

ಊಹೆ ತಪ್ಪಿದರೆ ನಷ್ಟ ದೊಡ್ಡದು, ಊಹೆಗೆ ಆಧಾರವೂ ಇಲ್ಲ ಎಂಬಂಥವು ಮಾತ್ರ ಸಂಶೋಧನೆಗೆ ಅರ್ಹ. ಬಟನ್ನಿನ ಬಣ್ಣ ಆ ಸಾಲಿಗೆ ಸೇರುವುದಿಲ್ಲ. ಒಂದು ಫೋನಿಗೆ ಒಂದೇ ಖಾತೆ ಎಂಬ ಊಹೆ ಖಂಡಿತ ಸೇರುತ್ತದೆ, ಏಕೆಂದರೆ ಅದು ಲಾಗಿನ್ನಿನಿಂದ ಡೇಟಾಬೇಸಿನವರೆಗೆ ಎಲ್ಲವನ್ನೂ ನಿರ್ಧರಿಸುತ್ತದೆ ಮತ್ತು ನಂತರ ಬದಲಿಸುವುದು ದುಬಾರಿ. ಇನ್ನೊಂದು ಪರೀಕ್ಷೆಯನ್ನೂ ಹಚ್ಚಿ ನೋಡಿ: ಉತ್ತರ ಹೌದೆಂದು ಬಂದರೂ ಇಲ್ಲವೆಂದು ಬಂದರೂ ನೀವು ಅದನ್ನೇ ಕಟ್ಟುವವರಿದ್ದರೆ, ಆ ಪ್ರಶ್ನೆಯನ್ನು ಯೋಜನೆಯಿಂದ ತೆಗೆದುಹಾಕಿ.

ಹಂತ 2: ಕೈಯಲ್ಲಿರುವುದನ್ನು ಓದಿ

ಹೊಸ ಮಾಹಿತಿಗೆ ಹೊರಡುವ ಮೊದಲು ಹಳೆಯದನ್ನು ನೋಡಿ. ಸಹಾಯವಾಣಿಗೆ ಬಂದ ಕರೆಗಳು, ಪ್ಲೇ ಸ್ಟೋರಿನ ವಿಮರ್ಶೆಗಳು, ಸಂಘದ ಕಾರ್ಯದರ್ಶಿಯ ಬಳಿ ದಿನವೂ ಬರುವ ತಕರಾರುಗಳು, ಹಳೆಯ ಆ್ಯಪ್ ಇದ್ದರೆ ಅದರ ಲಾಗ್‌ಗಳು (ಬಳಕೆಯ ದಾಖಲೆಗಳು), ಇವೆಲ್ಲ ಒಂದೆರಡು ದಿನದಲ್ಲಿ ಓದಿ ಮುಗಿಯುವಂಥವು. ಲಾಗ್ ಏನಾಯಿತೆಂದು ಹೇಳುತ್ತದೆ, ಏಕಾಯಿತೆಂದು ಹೇಳುವುದಿಲ್ಲ. ಬಟವಾಡೆಯ ಪುಟಕ್ಕೆ ಬಂದವರು ಅಲ್ಲಿಂದಲೇ ಹೊರಟುಹೋಗುತ್ತಿದ್ದಾರೆಂದರೆ ಬೇಕಾದದ್ದು ತಕ್ಷಣ ಸಿಕ್ಕಿರಬಹುದು, ಏನೂ ಅರ್ಥವಾಗದೆಯೂ ಇರಬಹುದು. ಈ ಎರಡನ್ನು ಬೇರ್ಪಡಿಸಲು ಜನರ ಬಳಿಗೆ ಹೋಗಲೇಬೇಕು.

ಹಂತ 3: ಯಾರನ್ನು ನೋಡಬೇಕೆಂದು ನಿರ್ಧರಿಸಿ

ಊರಿಗೆ ಹೋಗಿ ಕಾರ್ಯದರ್ಶಿಯವರನ್ನು ಕೇಳಿದರೆ ಅವರು ತಪ್ಪದೆ ನಾಲ್ಕೈದು ಮಂದಿಯನ್ನು ಕರೆಸುತ್ತಾರೆ. ಆ ನಾಲ್ಕೈದು ಮಂದಿ ಸಾಮಾನ್ಯವಾಗಿ ಹೆಚ್ಚು ಹಸು ಇರುವವರು, ಚೆನ್ನಾಗಿ ಮಾತಾಡಬಲ್ಲವರು, ಗಂಡಸರು ಮತ್ತು ಕಾರ್ಯದರ್ಶಿಗೆ ಬೇಕಾದವರು ಆಗಿರುವ ಸಾಧ್ಯತೆ ಹೆಚ್ಚು. ಅವರ ಮಾತನ್ನೂ ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಆಯ್ಕೆಯ ಮಾನದಂಡವನ್ನು ವಯಸ್ಸು ಮತ್ತು ಲಿಂಗಕ್ಕಿಂತ ಹೆಚ್ಚಾಗಿ ನಡವಳಿಕೆಯ ಮೇಲೆ ಕಟ್ಟಿ: ದಿನಕ್ಕೆರಡು ಸಲ ತಾವೇ ಹಾಲು ಹಾಕುವವರು, ಮಕ್ಕಳ ಕೈಯಲ್ಲಿ ಕಳುಹಿಸುವವರು, ಸ್ವಂತ ಸ್ಮಾರ್ಟ್‌ಫೋನ್ ಇಲ್ಲದವರು, ಚೀಟಿಯನ್ನು ಕೂಡಿಟ್ಟು ಲೆಕ್ಕ ತಾಳೆ ನೋಡುವವರು, ಚೀಟಿಯನ್ನು ಅಲ್ಲೇ ಎಸೆಯುವವರು, ಫೋನಿನಲ್ಲಿ ಹಣ ಕಳುಹಿಸುವ ಅಭ್ಯಾಸ ಇರುವವರು ಮತ್ತು ಇಲ್ಲದವರು.

ಹಾಲು ಕರೆದು ತರುವವರು ಒಬ್ಬರು, ಸಂಘದಲ್ಲಿ ಸದಸ್ಯತ್ವ ಇನ್ನೊಬ್ಬರ ಹೆಸರಿನಲ್ಲಿ, ಫೋನು ಮಗನದು, ಬ್ಯಾಂಕ್ ಖಾತೆ ಯಜಮಾನರದು ಎಂಬ ಮನೆಗಳು ಅಪರೂಪವಲ್ಲ. ಅಂಥ ಕಡೆ ಬಳಕೆದಾರರು ಯಾರು ಎಂಬ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರು ಉತ್ತರವಾಗುವುದಿಲ್ಲ, ಮನೆಯೇ ಉತ್ತರ. ಮಾರುಕಟ್ಟೆ ವಿಭಾಗದವರು ಬರೆಯುವ ಪರ್ಸೋನಾಗಳು, ಅಂದರೆ ಹೆಸರು ಮತ್ತು ಭಾವಚಿತ್ರ ಇರುವ ಕಲ್ಪಿತ ಬಳಕೆದಾರರು, ಇಂಥಲ್ಲಿ ದಾರಿ ತಪ್ಪಿಸುವುದೇ ಹೆಚ್ಚೆಂಬುದು ನನ್ನ ಅಭಿಪ್ರಾಯ.

ಭಾಗವಹಿಸುವವರ ಸಮಯಕ್ಕೆ ಬೆಲೆ ಕೊಡಿ. ಒಂದು ಗಂಟೆ ಕೂರಿಸಿಕೊಂಡರೆ ಕನಿಷ್ಠ ಅರ್ಧ ದಿನದ ಕೂಲಿಗೆ ಸಮನಾದ ಗೌರವಧನ ನ್ಯಾಯವಾದದ್ದು. ಆ ಮಾತನ್ನು ಮೊದಲೇ ತಿಳಿಸಬೇಕು ಮತ್ತು ಅವರು ನಡುವೆ ಎದ್ದು ಹೋದರೂ ಕೊಡಬೇಕು. ಒಪ್ಪಿಗೆ ಪಡೆಯುವಾಗ ಏನನ್ನು ದಾಖಲಿಸುತ್ತೀರಿ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಎಂಬುದನ್ನು ಆಡುಮಾತಿನಲ್ಲಿ ಹೇಳಿ. ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಇರಬೇಕು, ಕನ್ನಡ ಅವುಗಳಲ್ಲೊಂದು. ಅದೇ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನು ಬೇಡುತ್ತದೆ. ಹಾಲು ತರುವ ಮಕ್ಕಳೊಂದಿಗೆ ಮಾತಾಡುವ ಮುನ್ನ ಇದು ನೆನಪಿರಲಿ.

ಹಂತ 4: ಮೊದಲು ನೋಡಿ, ಆಮೇಲೆ ಕೇಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತಕ್ಕೆ ನಿಮಗೆ ಪುರುಸೊತ್ತಿದ್ದರೆ ಅದು ಇದಾಗಿರಲಿ. ಡೈರಿ ತೆರೆಯುವ ಮುನ್ನವೇ ಅಲ್ಲಿರಿ, ಮುಚ್ಚುವವರೆಗೂ ಇರಿ, ಬೆಳಗಿನ ಸರದಿಯನ್ನೂ ಸಂಜೆಯ ಸರದಿಯನ್ನೂ ನೋಡಿ. ಮೊದಲ ಸರದಿಯಲ್ಲಿ ಫೋನನ್ನೋ ಪ್ರಶ್ನಾವಳಿಯನ್ನೋ ಹೊರತೆಗೆಯಬೇಡಿ. ಸಾಲು ಹೇಗೆ ಸಾಗುತ್ತದೆ, ಯಾರು ಯಾರಿಗೆ ಏನು ಹೇಳುತ್ತಾರೆ, ಯಂತ್ರದ ಪರದೆಯನ್ನು ಯಾರು ನೋಡುತ್ತಾರೆ, ಅಂಕಿ ಕಡಿಮೆ ಬಂದಾಗ ಮುಖದಲ್ಲಿ ಏನಾಗುತ್ತದೆ, ಚೀಟಿ ಯಾವ ಜೇಬಿಗೆ ಹೋಗುತ್ತದೆ ಎಂಬುದನ್ನು ಬರೆದುಕೊಳ್ಳಿ.

ವಿನ್ಯಾಸಕ್ಕೆ ನೇರವಾಗಿ ಬರುವ ಸಂಗತಿಗಳು ಹೆಚ್ಚಾಗಿ ಯಾರೂ ಬಾಯಿಬಿಟ್ಟು ಹೇಳದಂಥವು. ಕೈ ಒದ್ದೆಯಾಗಿರುತ್ತದೆ, ಒದ್ದೆ ಬೆರಳನ್ನು ಅಗ್ಗದ ಫೋನಿನ ಪರದೆ ಸರಿಯಾಗಿ ಗ್ರಹಿಸುವುದಿಲ್ಲ. ಒಂದು ಕೈಯಲ್ಲಿ ಕ್ಯಾನ್ ಇರುತ್ತದೆ. ಬೆಳಗಿನ ಕತ್ತಲಲ್ಲಿ ಪ್ರಕಾಶ ಕಣ್ಣಿಗೆ ಚುಚ್ಚುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಬೂದು ಅಕ್ಷರ ಕಾಣುವುದೇ ಇಲ್ಲ. ಫೋನಿನಲ್ಲಿ ಜಾಗವಿಲ್ಲವೆಂದು ಆ್ಯಪ್ ಅಳಿಸಿ, ಬೇಕಾದಾಗ ಮತ್ತೆ ಹಾಕಿಕೊಳ್ಳುವವರಿದ್ದಾರೆ. ಇವುಗಳಲ್ಲಿ ಒಂದನ್ನೂ ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಪ್ರಶ್ನಾವಳಿಯಿಂದ ಹೊರತೆಗೆಯಲಾಗದು.

ತಪ್ಪು ನಡೆದಾಗ ವಿಶೇಷ ಗಮನ ಕೊಡಿ, ಅದನ್ನು ಬಳಸುವವರ ದಡ್ಡತನವೆಂದು ಬರೆದುಕೊಳ್ಳಬೇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿ-17 ವಿಮಾನದ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಮಡಚುವ ಬದಲು ಚಕ್ರಗಳನ್ನೇ ಒಳಗೆಳೆದು ವಿಮಾನವನ್ನು ಹೊಟ್ಟೆಯ ಮೇಲೆ ಕೂರಿಸುತ್ತಿದ್ದರು. ಅದಕ್ಕೆ ಪೈಲಟ್‌ನ ತಪ್ಪು ಎಂಬ ಷರಾ ಸಿದ್ಧವಾಗಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಕಾಕ್‌ಪಿಟ್ ನೋಡಿದಾಗ ಎರಡೂ ಸ್ವಿಚ್‌ಗಳು ಅಕ್ಕಪಕ್ಕದಲ್ಲಿ, ಒಂದೇ ಆಕಾರದಲ್ಲಿದ್ದವು. ಚಕ್ರದ ಸ್ವಿಚ್ಚಿಗೆ ಚಕ್ರದ ಆಕಾರದ ಹಿಡಿ, ಫ್ಲ್ಯಾಪಿಗೆ ರೆಕ್ಕೆಯ ತುಂಡಿನ ಆಕಾರದ ಹಿಡಿ ಅಂಟಿಸುವುದು ಅವರು ಕಂಡುಕೊಂಡ ಪರಿಹಾರ. ಹಿಡಿಗೆ ಅದರ ಕೆಲಸದ ಆಕಾರವನ್ನೇ ಕೊಡುವ ಆ ಪದ್ಧತಿ ವಿಮಾನಗಳಲ್ಲಿ ಇಂದಿಗೂ ಉಳಿದಿದೆ.

ಹಂತ 5: ಮಾತಾಡಿಸುವ ಕ್ರಮ

ನಮ್ಮಲ್ಲಿ ಮನೆಗೆ ಬಂದವರೆದುರು ಅವರು ತಂದದ್ದನ್ನು ಯಾರೂ ಹಳಿಯುವುದಿಲ್ಲ. ಆ್ಯಪ್ ತೋರಿಸಿ ಹೇಗಿದೆ ಎಂದರೆ "ಚೆನ್ನಾಗೈತೆ ಸಾರ್, ಒಳ್ಳೆ ಕೆಲಸ ಮಾಡ್ತಿದ್ದೀರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದಕ್ಕೆ ಅಳತೆಯ ಆಧಾರವೂ ಇದೆ. ನಿಕೋಲಾ ಡೆಲ್ ಮತ್ತು ಅವರ ಸಹಸಂಶೋಧಕರು ಬೆಂಗಳೂರಿನಲ್ಲಿ 450 ಮಂದಿಯೊಂದಿಗೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಆಯ್ಕೆಗಳನ್ನು ಮುಂದಿಟ್ಟು, ಅವುಗಳಲ್ಲೊಂದು ಪ್ರಶ್ನೆ ಕೇಳುವವರೇ ತಯಾರಿಸಿದ್ದೆಂದು ಸೂಚಿಸಲಾಯಿತು. ಎರಡೂ ತದ್ರೂಪವಾಗಿದ್ದಾಗಲೂ ಜನ ಕೇಳುವವರದ್ದನ್ನೇ ಮೆಚ್ಚುವ ಸಾಧ್ಯತೆ ಸುಮಾರು 2.5 ಪಟ್ಟು ಹೆಚ್ಚಿತ್ತು. ಕೇಳುವವರು ದುಭಾಷಿಯೊಂದಿಗೆ ಬಂದ ವಿದೇಶಿ ಸಂಶೋಧಕರಾಗಿದ್ದಾಗ ಅದು 5 ಪಟ್ಟಿಗೆ ಏರಿತು. ಕನ್ನಡ ನಾಡಿನಲ್ಲಿ ಬಳಕೆದಾರ ಸಂಶೋಧನೆ ಮಾಡುವ ಯಾರೂ ಈ ಅಂಕಿಗಳನ್ನು ಮರೆಯುವಂತಿಲ್ಲ.

ಆದ್ದರಿಂದ ಮಾತಾಡಿಸುವವರು ವಿನ್ಯಾಸ ಮಾಡಿದವರಲ್ಲವೆಂಬುದು ಭಾಗವಹಿಸುವವರಿಗೆ ಗೊತ್ತಾಗಬೇಕು, ಮತ್ತು ಅದು ನಿಜವೂ ಆಗಿರಬೇಕು. ಕಂಪನಿಯ ಟೀ ಶರ್ಟು, ಗುರುತಿನ ಚೀಟಿಯ ಪಟ್ಟಿ, ಕಾರ್ಯದರ್ಶಿಯ ಕುರ್ಚಿಯ ಪಕ್ಕದ ಆಸನ ಇವೆಲ್ಲ ಉತ್ತರವನ್ನು ಬಾಗಿಸುತ್ತವೆ. ಅಭಿಪ್ರಾಯವನ್ನೂ ಭವಿಷ್ಯವನ್ನೂ ಕೇಳದೆ ನಡೆದದ್ದನ್ನು ಕೇಳಿ. "ಇಂಥ ಆ್ಯಪ್ ಬಂದರೆ ಬಳಸ್ತೀರಾ?" ಎಂಬ ಪ್ರಶ್ನೆಗೆ ಬರುವ ಹೌದು ಎಂಬ ಉತ್ತರಕ್ಕೆ ಬೆಲೆಯಿಲ್ಲ. "ನಿನ್ನೆ ಸಂಜೆ ಹಾಲು ಹಾಕಿದ ಮೇಲೆ ಚೀಟೀನ ಏನು ಮಾಡಿದ್ರಿ ಅಕ್ಕಾ?", "ಹೋದ ಬಟವಾಡೇಲಿ ದುಡ್ಡು ಬಂದಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?", "ಲೆಕ್ಕ ಸರಿ ಇಲ್ಲ ಅಂತ ಕಡೇ ಸಲ ಅನ್ನಿಸಿದ್ದು ಯಾವಾಗ, ಆಗ ಯಾರನ್ನ ಕೇಳಿದ್ರಿ?" ಎಂಬಂಥ ಪ್ರಶ್ನೆಗಳು ನೆನಪನ್ನು ಒಂದು ನಿರ್ದಿಷ್ಟ ದಿನಕ್ಕೆ ಕಟ್ಟಿಹಾಕುತ್ತವೆ. ಉತ್ತರದ ನಂತರ ಒಂದಷ್ಟು ಹೊತ್ತು ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಳ್ಳಿ. ಎರಡನೆಯ ವಾಕ್ಯ ಮೊದಲನೆಯದಕ್ಕಿಂತ ಪ್ರಾಮಾಣಿಕವಾಗಿರುತ್ತದೆ.

ಭಾಷೆಯ ವಿಷಯದಲ್ಲಿ ಕನ್ನಡ ಬಲ್ಲವರು ಎಂಬಷ್ಟೇ ಸಾಲದು. ಮಂಡ್ಯದ ಡೈರಿಯಲ್ಲಿ ಸಹಜವಾಗಿ ಮಾತಾಡುವವರು ಧಾರವಾಡದ ಕಡೆ ಸರಾಗವಾಗಿ ಬೆರೆಯುತ್ತಾರೆಂಬ ಭರವಸೆ ಇಲ್ಲ. ಕೋಲಾರದ ಎಷ್ಟೋ ಮನೆಗಳಲ್ಲಿ ತೆಲುಗು, ದಕ್ಷಿಣ ಕನ್ನಡದಲ್ಲಿ ತುಳು ಮನೆಮಾತು. ಆ ಭಾಗದವರೇ ಆದ ಒಬ್ಬರು ಜೊತೆಗಿರಲಿ. ಭಾಗವಹಿಸುವವರು ಆಡಿದ ಪದಗಳನ್ನು ಶಿಷ್ಟ ಕನ್ನಡಕ್ಕೆ ತಿದ್ದದೆ ಹಾಗೆಯೇ ಬರೆದುಕೊಳ್ಳಿ, ಏಕೆಂದರೆ ಆ್ಯಪಿನ ಮೆನುಗೆ ಬೇಕಾದ ಪದಗಳು ಅಲ್ಲಿಂದಲೇ ಬರಬೇಕು.

ಹಂತ 6: ಟಿಪ್ಪಣಿಯಿಂದ ತಿಳಿವಳಿಕೆಗೆ

ಕ್ಷೇತ್ರದಿಂದ ಮರಳಿದ ದಿನವೇ ಟಿಪ್ಪಣಿಗಳನ್ನು ವಿಸ್ತರಿಸಿ; ಎರಡು ದಿನ ಕಳೆದರೆ ನೆನಪು ಕಂಡದ್ದನ್ನು ಅಂದಗೊಳಿಸಲು ತೊಡಗುತ್ತದೆ. ಒಂದೊಂದು ಚೀಟಿಯ ಮೇಲೆ ಒಂದೊಂದೇ ಸಂಗತಿಯನ್ನು ಬರೆದು ಗೋಡೆಗೆ ಅಂಟಿಸಿ, ಹೋಲುವವನ್ನು ಹತ್ತಿರ ತಂದು, ಗುಂಪುಗೂಡಿದ ಮೇಲೆ ಗುಂಪಿಗೆ ಹೆಸರಿಡುವ ವಿಧಾನ ಬಹಳ ಬಳಕೆಯಲ್ಲಿದೆ. ಜಪಾನಿನ ಮಾನವಶಾಸ್ತ್ರಜ್ಞ ಜಿರೋ ಕವಾಕಿಟ ಅವರು ರೂಪಿಸಿದ ಈ ವಿಧಾನಕ್ಕೆ ಅವರ ಹೆಸರಿನಿಂದಲೇ ಕೆಜೆ ಪದ್ಧತಿ ಎನ್ನುತ್ತಾರೆ. ಗುಂಪುಗಳನ್ನು ಮೊದಲೇ ನಿರ್ಧರಿಸಿ ಚೀಟಿಗಳನ್ನು ಅವಕ್ಕೆ ತುಂಬುವುದು ಈ ಪದ್ಧತಿಯ ಆಶಯಕ್ಕೇ ವಿರುದ್ಧ.

ಪ್ರತಿಯೊಂದು ತಿಳಿವಳಿಕೆಯನ್ನೂ ಮೂರು ಭಾಗವಾಗಿ ಬರೆಯಿರಿ: ಕಂಡದ್ದು, ಅದರಿಂದ ನಾವು ತಿಳಿದದ್ದು, ವಿನ್ಯಾಸದಲ್ಲಿ ಅದರಿಂದ ಆಗಬೇಕಾದದ್ದು. ಉದಾಹರಣೆಗೆ, ಸದಸ್ಯರು ಪರದೆಯ ಮೇಲಿನ ಲೀಟರ್ ಅಂಕಿಯನ್ನು ಬಿಟ್ಟು ಫ್ಯಾಟ್ ಅಂಕಿಯನ್ನೇ ನೋಡಿ ಹೊರಡುತ್ತಿದ್ದರೆಂದುಕೊಳ್ಳಿ. ಅದು ಕಂಡದ್ದು. ಲೀಟರ್ ಎಷ್ಟೆಂಬುದು ಕ್ಯಾನಿನ ತೂಕದಿಂದಲೇ ಅವರಿಗೆ ಗೊತ್ತು, ದರವನ್ನು ಏರಿಳಿಸುವ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮಾತ್ರ ಯಂತ್ರದಿಂದ ತಿಳಿಯಬೇಕಾದವು ಎಂಬುದು ನಾವು ತಿಳಿದದ್ದು. ಮೊದಲ ಪರದೆಯಲ್ಲಿ ಆ ಅಂಕಿಗಳು ದೊಡ್ಡದಾಗಿ, ನಿನ್ನೆಯ ಅಂಕಿಯ ಪಕ್ಕದಲ್ಲಿ ಕಾಣಬೇಕೆಂಬುದು ಆಗಬೇಕಾದದ್ದು. ಮೊದಲ ಎರಡನ್ನು ಬೆರೆಸಿ ಬರೆದರೆ, ಮುಂದೆ ಯಾರಾದರೂ ಅದನ್ನು ಪ್ರಶ್ನಿಸಿದಾಗ ನಿಮ್ಮ ಬಳಿ ಪುರಾವೆ ಉಳಿದಿರುವುದಿಲ್ಲ.

ಹಂತ 7: ಕಾಗದದ ಮೇಲೆ ವಿನ್ಯಾಸ, ಜನರ ಕೈಯಲ್ಲಿ ಪರೀಕ್ಷೆ

ಕೋಡ್ ಬರೆಯುವ ಮೊದಲು ಪರದೆಗಳನ್ನು ಕಾಗದದ ಮೇಲೆ ಬಿಡಿಸಿ, ಬೆರಳಿಟ್ಟ ಕಡೆಗೆ ಮುಂದಿನ ಹಾಳೆ ಇಡುತ್ತ ಪರೀಕ್ಷಿಸಬಹುದು. ಕಾಗದದ ಒಂದು ಗುಣವೆಂದರೆ ಅದು ಅರೆಬರೆಯಾಗಿ ಕಾಣುತ್ತದೆ. ಮುಗಿದಂತೆ ಕಾಣುವ ವಸ್ತುವನ್ನು ಟೀಕಿಸಲು ಅಂಜುವವರು ಹಾಳೆಯ ಮೇಲಿನ ಗೆರೆಯನ್ನು ತಪ್ಪೆನ್ನಲು ಅಂಜುವುದಿಲ್ಲ. ಸಾಧ್ಯವಾದರೆ ಒಂದೇ ಕೆಲಸಕ್ಕೆ ಎರಡು ಬೇರೆ ಬೇರೆ ವಿನ್ಯಾಸ ಒಯ್ಯಿರಿ, ಎರಡೂ ನಿಮ್ಮದಲ್ಲವೆಂಬಂತೆ ಮುಂದಿಡಿ.

ಪರೀಕ್ಷೆಯ ಜೀವ ಇರುವುದು ಕೊಡುವ ಕೆಲಸದ ಮಾತಿನಲ್ಲಿ. ಪರದೆಯ ಮೇಲೆ "ಬಟವಾಡೆ ವಿವರ" ಎಂಬ ಬಟನ್ ಇರುವಾಗ "ಬಟವಾಡೆ ವಿವರ ನೋಡಿ" ಎಂದು ಹೇಳಿದರೆ ನೀವು ಪರೀಕ್ಷಿಸಿದ್ದು ಓದುವ ಶಕ್ತಿಯನ್ನಷ್ಟೇ. "ಈ ಸಲ ನಿಮ್ಮ ಖಾತೆಗೆ ಎಷ್ಟು ದುಡ್ಡು ಬರಬೇಕು ಅಂತ ಇದರಲ್ಲಿ ನೋಡಿ ಹೇಳ್ತೀರಾ?" ಎಂದು ಕೇಳಿ, ಆಮೇಲೆ ಕೈಕಟ್ಟಿ ಕೂರಿ. ಅವರು ತಪ್ಪು ಬಟನ್ ಒತ್ತಿದಾಗ ತಿದ್ದಲು ಹೋಗಬೇಡಿ. "ಈಗ ಏನು ಮಾಡಲಿ?" ಎಂದು ಅವರು ಕೇಳಿದರೆ, "ನಾವ್ಯಾರೂ ಇಲ್ಲದಿದ್ರೆ ಏನು ಮಾಡ್ತಿದ್ರಿ?" ಎಂದು ಮರಳಿ ಕೇಳಿ.

ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಬಳಸಿರಿ ಎಂದು ಕೋರುವುದು ಈ ಕ್ಷೇತ್ರದ ಹಳೆಯ ಪದ್ಧತಿ. ಅಪರಿಚಿತರ ಮುಂದೆ ತಮ್ಮಷ್ಟಕ್ಕೆ ಮಾತಾಡುವುದು ಅನೇಕರಿಗೆ ಮುಜುಗರ, ಹಿರಿಯರಿಗಂತೂ ಇನ್ನೂ ಹೆಚ್ಚು. ಪರಿಚಯದ ಇಬ್ಬರನ್ನು ಜೊತೆಯಲ್ಲಿ ಕೂರಿಸಿ ಒಂದೇ ಫೋನು ಕೊಟ್ಟರೆ ಒಬ್ಬರಿಗೊಬ್ಬರು ಹೇಳಿಕೊಡುತ್ತ, ಬೈದುಕೊಳ್ಳುತ್ತ, ನಿಮಗೆ ಬೇಕಾದ ಎಲ್ಲವನ್ನೂ ತಾವಾಗಿಯೇ ಹೊರಹಾಕುತ್ತಾರೆ. ಅತ್ತೆ ಸೊಸೆ ಜೋಡಿ ಮಾತ್ರ ಬೇಡ. ಫೋನು ಒಬ್ಬರ ಕೈಯಲ್ಲೇ ಉಳಿದುಬಿಡುತ್ತದೆ.

ಓದುಬರಹ ಕಡಿಮೆ ಇರುವವರಿಗೆ ಚಿತ್ರ ಹಾಕಿದರೆ ಸಾಕೆಂಬ ನಂಬಿಕೆಯನ್ನೂ ಪರೀಕ್ಷೆಗೆ ಒಡ್ಡಬೇಕು. ಬೆಂಗಳೂರಿನ ಕೊಳೆಗೇರಿಗಳ ಮನೆಗೆಲಸದ ಮಹಿಳೆಯರೊಂದಿಗೆ ಇಂದ್ರಾಣಿ ಮೇಧಿ ಮತ್ತು ಅವರ ಜೊತೆಗಾರರು 2000ದ ದಶಕದಲ್ಲಿ ಅಕ್ಷರವಿಲ್ಲದ ಪರದೆಗಳನ್ನು ರೂಪಿಸಿದಾಗ, ಕ್ರಿಯೆಯ ಸುಳಿವಿರುವ ಚಿತ್ರಗಳು ಸುಳಿವಿಲ್ಲದವುಗಳಿಗಿಂತ ಚೆನ್ನಾಗಿ ಅರ್ಥವಾದವು. ಅಕ್ಷರ ಓದಲಾಗದವರಲ್ಲೂ ಅಂಕಿಗಳನ್ನು ಗುರುತಿಸುವವರು ಇದ್ದುದರಿಂದ ಅಂಕಿಗಳನ್ನು ಉಳಿಸಿಕೊಳ್ಳಲಾಯಿತು. ಧ್ವನಿಯ ನೆರವು ಉದ್ದಕ್ಕೂ ಇತ್ತು. ನಮ್ಮ ಡೈರಿಯ ಆ್ಯಪಿನಲ್ಲಿ ಬರಿಯ ಹಾಲಿನ ಕ್ಯಾನಿನ ಚಿತ್ರ ಇಂದಿನ ಹಾಲನ್ನು ಹೇಳುತ್ತದೋ, ಒಟ್ಟು ಹಾಲನ್ನು ಹೇಳುತ್ತದೋ, ಸಂಘದ ಕಚೇರಿಯನ್ನೋ ಎಂಬುದನ್ನು ಜನರ ಬಾಯಿಂದ ಕೇಳದೆ ತೀರ್ಮಾನಿಸಬೇಡಿ.

ಕನ್ನಡ ಲಿಪಿಗೇ ಸಂಬಂಧಿಸಿದ ಕೆಲವು ಪರೀಕ್ಷೆಗಳನ್ನು ಈ ಹಂತದಲ್ಲಿ ಸೇರಿಸಿಕೊಳ್ಳಿ. ಇಂಗ್ಲಿಷಿನ ಅಳತೆಗೆ ಎತ್ತರ ನಿಗದಿಯಾದ ಬಟನ್‌ನಲ್ಲಿ "ಮೊತ್ತ", "ಒಟ್ಟು" ಮುಂತಾದ ಪದಗಳ ಒತ್ತಕ್ಷರದ ತಳ ಕತ್ತರಿಸಿಹೋಗುತ್ತದೆ. ಇಂಗ್ಲಿಷಿನಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವ ಶೀರ್ಷಿಕೆ ಕನ್ನಡದಲ್ಲಿ ಎರಡು ಸಾಲಾಗಿ ಕೆಳಗಿನದನ್ನು ತಳ್ಳುತ್ತದೆ. ಹಿರಿಯರು ಫೋನಿನ ಅಕ್ಷರ ಗಾತ್ರವನ್ನು ಗರಿಷ್ಠಕ್ಕೆ ಏರಿಸಿಕೊಂಡಿದ್ದರೆ ಅರ್ಧ ಪರದೆಯೇ ಮಾಯವಾಗಬಹುದು. ಪರೀಕ್ಷೆಯನ್ನು ಭಾಗವಹಿಸುವವರ ಸ್ವಂತ ಫೋನಿನಲ್ಲೇ ನಡೆಸಿದರೆ ಇವೆಲ್ಲ ತಾನಾಗಿ ಹೊರಬೀಳುತ್ತವೆ.

ಹಂತ 8: ಎಷ್ಟು ಜನ ಸಾಕು, ಅಂಕಿಗಳನ್ನು ಎಷ್ಟು ನಂಬಬೇಕು

ಐದು ಜನ ಸಾಕು ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು. ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡೌರ್ 1993ರಲ್ಲಿ ಪ್ರಕಟಿಸಿದ ಲೆಕ್ಕ ಅದರ ಮೂಲ. ಒಬ್ಬ ಬಳಕೆದಾರರಿಗೆ ಒಂದು ತೊಡಕು ಎದುರಾಗುವ ಸರಾಸರಿ ಸಾಧ್ಯತೆ 31% ಎಂದಾದರೆ, ಐವರಲ್ಲಿ ಒಬ್ಬರಿಗಾದರೂ ಅದು ಎದುರಾಗುವ ಸಾಧ್ಯತೆ ಸುಮಾರು 84% ಆಗುತ್ತದೆ. ಲೆಕ್ಕ ಸರಿಯಾಗಿದೆ, ಆದರೆ ಆ 31% ಎಲ್ಲ ಉತ್ಪನ್ನಕ್ಕೂ ಹೊಂದುವುದಿಲ್ಲ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಎದುರಾಗುವ ತೊಡಕನ್ನು ಐವರು ಹಿಡಿದುಕೊಡುವ ಸಾಧ್ಯತೆ ಕೇವಲ 41%. ಆ ತೊಡಕು ಹಣ ತಪ್ಪು ಖಾತೆಗೆ ಹೋಗುವಂಥದ್ದಾಗಿದ್ದರೆ ಐದು ಜನ ಏನೇನೂ ಸಾಲದು. ಒಂದೇ ಸಲ 15 ಜನರನ್ನು ನೋಡುವುದಕ್ಕಿಂತ ಐವರನ್ನು ನೋಡಿ, ತಿದ್ದಿ, ಮತ್ತೆ ಐವರನ್ನು ನೋಡುವ ಮೂರು ಸುತ್ತುಗಳು ಹೆಚ್ಚು ಫಲ ಕೊಡುತ್ತವೆ ಎಂಬುದು ನೀಲ್ಸನ್ ಅವರ ಸಲಹೆಯ ನಿಜವಾದ ತಿರುಳು. ಐದು ಎಂಬ ಅಂಕಿ ಉಳಿದುಕೊಂಡು ಮೂರು ಸುತ್ತು ಮರೆತುಹೋಗಿದೆ.

ಐವರಲ್ಲಿ ನಾಲ್ವರು ಯಶಸ್ವಿಯಾದರೆ ವರದಿಯಲ್ಲಿ 80% ಎಂದು ಬರೆಯಬೇಡಿ. ಅಷ್ಟು ಸಣ್ಣ ಮಾದರಿಯಲ್ಲಿ ನಿಜವಾದ ಯಶಸ್ಸಿನ ಪ್ರಮಾಣ ಸುಮಾರು 36%ರಿಂದ 98%ರವರೆಗೆ ಎಲ್ಲಿ ಬೇಕಾದರೂ ಇರಬಹುದೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. "ಐವರಲ್ಲಿ ನಾಲ್ವರು" ಎಂದೇ ಬರೆದು, ಐದನೆಯವರು ಎಲ್ಲಿ ಸಿಕ್ಕಿಬಿದ್ದರೆಂದು ವಿವರಿಸಿ.

ಅಂಕಿಯೇ ಬೇಕೆನ್ನುವವರಿಗೆ ಬಳಕೆಯ ಸುಲಭತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9241-11 ಹೇಳುವ ಮೂರು ನೆಲೆಗಳು ಸಾಕು: ಕೆಲಸ ಪೂರ್ಣವಾಯಿತೇ, ಎಷ್ಟು ಶ್ರಮ ಹಿಡಿಯಿತು, ತೃಪ್ತಿ ಸಿಕ್ಕಿತೇ. ತೃಪ್ತಿಗಾಗಿ ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಮಾಪಕ ಜನಪ್ರಿಯವಾಗಿದೆ. ಅದರಲ್ಲಿ ಅಂಕ 0ರಿಂದ 100ರವರೆಗೆ ಇರುತ್ತದೆ, 68ನ್ನು ಸರಾಸರಿಯೆಂದು ಹಿಡಿಯುವುದು ರೂಢಿ. ಆದರೆ ಅದರ ಹೇಳಿಕೆಗಳು ಒಂದು ಬಿಟ್ಟೊಂದು ಅನುಕೂಲಕರ ಮತ್ತು ಪ್ರತಿಕೂಲ ಅರ್ಥದವಾಗಿದ್ದು, ಪ್ರಶ್ನಾವಳಿಯ ರೂಢಿ ಇಲ್ಲದವರು ಎಲ್ಲಕ್ಕೂ "ಹೌದು" ಎಂದರೆ ಅಂಕ ಅರ್ಥಹೀನವಾಗುತ್ತದೆ. ಡೈರಿಯ ಅಂಗಳದಲ್ಲಿ ನಾನಾದರೆ ಅದನ್ನು ಬಳಸುವುದಿಲ್ಲ. ಪರೀಕ್ಷೆ ಮುಗಿದ ಮೇಲೆ, ಇದನ್ನು ಪಕ್ಕದ ಮನೆಯವರಿಗೆ ನೀವೇ ಹೇಳಿಕೊಡಿ ಎಂದು ಕೋರಿದರೆ, ಅವರು ಹೇಳಿಕೊಡುವ ರೀತಿಯಲ್ಲೇ ಯಾವುದು ಅರ್ಥವಾಗಿದೆ, ಯಾವುದು ಆಗಿಲ್ಲವೆಂಬುದು ತಿಳಿಯುತ್ತದೆ.

ಹಂತ 9: ವಿನ್ಯಾಸವನ್ನು ನಿಜವಾಗಿ ಬದಲಿಸುವುದು

ಕಂಡ ತೊಡಕುಗಳೆಲ್ಲವನ್ನೂ ಸರಿಪಡಿಸಲು ಸಮಯವಿರುವುದಿಲ್ಲ. ಪ್ರತಿಯೊಂದಕ್ಕೂ ಮೂರು ವಿಷಯ ನೋಡಿ: ಎಷ್ಟು ಜನರಿಗೆ ಎದುರಾಗುತ್ತದೆ, ಎದುರಾದಾಗ ಎಷ್ಟು ಹಾನಿ, ಒಮ್ಮೆ ಕಲಿತ ಮೇಲೆ ಹೋಗುತ್ತದೋ ಪ್ರತಿಸಲ ಕಾಡುತ್ತದೋ. ದಿನಕ್ಕೆರಡು ಬಾರಿ ಬಳಸುವ ಆ್ಯಪಿನಲ್ಲಿ ಮೂರನೆಯದಕ್ಕೆ ಹೆಚ್ಚಿನ ತೂಕ ಕೊಡಿ. ಸಂಘದ ಬಟವಾಡೆಯೂ ಸರ್ಕಾರದ ಪ್ರೋತ್ಸಾಹಧನವೂ ಬೇರೆ ಬೇರೆಯಾಗಿ ಖಾತೆಗೆ ಬರುತ್ತವೆ; ಆ್ಯಪ್ ಎರಡನ್ನೂ ಕೂಡಿಸಿ ಒಂದೇ ಮೊತ್ತ ತೋರಿಸಿದರೆ ಪಾಸ್‌ಬುಕ್ಕಿನ ಜೊತೆ ಅದು ಎಂದೂ ತಾಳೆಯಾಗದು, ಮತ್ತು ಪ್ರತಿ ಬಟವಾಡೆಯಲ್ಲೂ ಕಾರ್ಯದರ್ಶಿಯ ಮೇಲೆ ಅನುಮಾನ ಹುಟ್ಟುತ್ತದೆ. ಇಂಥ ತೊಡಕು ನೋಡಲು ಸಣ್ಣದು, ಆದರೆ ಪಟ್ಟಿಯ ಮೇಲ್ತುದಿಯಲ್ಲಿರಬೇಕು.

ವರದಿ ಒಂದು ಪುಟ ಮೀರದಿರಲಿ. ಮೊದಲ ಹಂತದಲ್ಲಿ ಬರೆದ ತೀರ್ಮಾನಗಳ ಪಟ್ಟಿಯನ್ನೇ ತೆಗೆದು, ಪ್ರತಿಯೊಂದರ ಎದುರು ಹಳೆಯ ಊಹೆ ನಿಂತಿತೇ ಬಿದ್ದಿತೇ, ಪುರಾವೆ ಏನು, ಏನು ಬದಲಾಗಲಿದೆ, ಯಾರ ಹೊಣೆ ಎಂದು ತುಂಬಿ. ವರದಿಗಿಂತ ಪರಿಣಾಮಕಾರಿಯಾದದ್ದು ಇನ್ನೊಂದಿದೆ: ಕೋಡ್ ಬರೆಯುವವರನ್ನೂ ಹಣದ ತೀರ್ಮಾನ ಮಾಡುವವರನ್ನೂ ಕನಿಷ್ಠ ಒಂದೊಂದು ಪರೀಕ್ಷೆಗೆ ಕರೆದೊಯ್ದು ಹಿಂದೆ ಸುಮ್ಮನೆ ಕೂರಿಸುವುದು. ತಾವು ಕಟ್ಟಿದ ಪರದೆಯ ಮುಂದೆ ಒಬ್ಬರು ಎರಡು ನಿಮಿಷ ತಡಕಾಡುವುದನ್ನು ಕಣ್ಣಾರೆ ಕಂಡವರಿಗೆ ಸ್ಲೈಡ್ ತೋರಿಸಿ ಒಪ್ಪಿಸುವ ಅಗತ್ಯ ಬೀಳುವುದಿಲ್ಲ.

ಹಂತ 10: ಬಿಡುಗಡೆಯ ನಂತರ

ಆ್ಯಪ್ ಹೊರಬಂದ ಮೇಲೆ ಎಷ್ಟು ಜನ ಇಳಿಸಿಕೊಂಡರೆಂಬುದನ್ನು ಬಿಟ್ಟು, ನೀವು ತಿದ್ದಿದ ಜಾಗ ಬದಲಾಯಿತೇ ಎಂದು ನೋಡಿ. ಬಟವಾಡೆಯ ದಿನ ಕಾರ್ಯದರ್ಶಿಗೆ ಬರುವ ಕರೆ ಕಡಿಮೆಯಾಯಿತೇ, ಆ್ಯಪ್ ಅಳಿಸಿ ಮತ್ತೆ ಹಾಕಿದವರು ಸುಲಭವಾಗಿ ಒಳಬಂದರೇ, ಎರಡನೆಯ ತಿಂಗಳಲ್ಲೂ ಬಳಕೆ ಉಳಿಯಿತೇ. ಹಸು ಕರು ಹಾಕುವ ಕಾಲ, ಬೇಸಿಗೆಯಲ್ಲಿ ಹಾಲು ಇಳಿಯುವ ಕಾಲ, ದರ ಪರಿಷ್ಕರಣೆಯಾದ ವಾರ ಇವು ಬಳಕೆಯನ್ನು ತಾವಾಗಿಯೇ ಏರಿಳಿಸುತ್ತವೆ. ಆ ಏರಿಳಿತವನ್ನು ನಿಮ್ಮ ವಿನ್ಯಾಸದ ಲೆಕ್ಕಕ್ಕೆ ಹಚ್ಚಿಕೊಳ್ಳಬೇಡಿ.

ಸಮಯ ಕಡಿಮೆ ಇದ್ದಾಗ ಯಾವುದನ್ನು ಬಿಡಬಹುದೆಂಬ ಪ್ರಶ್ನೆ ಬಂದೇ ಬರುತ್ತದೆ. ಎರಡೇ ವಾರ ಇದ್ದರೆ ಪ್ರಶ್ನಾವಳಿ, ಪರ್ಸೋನಾ, ಮಾಪಕ ಇವನ್ನು ಬಿಡಿ. ಮೊದಲ ವಾರದಲ್ಲಿ ಪರಸ್ಪರ ದೂರವಿರುವ ಎರಡು ಊರುಗಳ ಡೈರಿಗಳಲ್ಲಿ ಎರಡೆರಡು ಸರದಿ ನೋಡಿ, ಮೂರ್ನಾಲ್ಕು ಮನೆಗಳಲ್ಲಿ ಮಾತಾಡಿ. ಎರಡನೆಯ ವಾರದ ಆರಂಭದಲ್ಲಿ ಕಾಗದದ ಪರದೆಗಳನ್ನು ಐವರ ಮುಂದಿಟ್ಟು, ಅಂದೇ ರಾತ್ರಿ ತಿದ್ದಿ, ಎರಡು ದಿನ ಬಿಟ್ಟು ಬೇರೆ ಐವರ ಮುಂದಿಡಿ. ಒಂದೇ ವಾರ ಇದ್ದರೆ ಎರಡನೆಯ ಊರನ್ನು ಬಿಡಿ, ಎರಡನೆಯ ಸುತ್ತಿನ ಪರೀಕ್ಷೆಯನ್ನು ಬಿಡಬೇಡಿ; ಮೊದಲ ಸುತ್ತಿನಲ್ಲಿ ಕಂಡ ತೊಡಕಿಗೆ ನೀವು ಕೊಟ್ಟ ಪರಿಹಾರವೂ ಒಂದು ಊಹೆಯೇ ಆಗಿದ್ದು, ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯುವ ದಾರಿ ಬೇರೆ ಇಲ್ಲ.